ಗರಗಸದ ಮುಹೂರ್ತ

ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಅವ್ವ ಹೊಸ ಗರಗಸದ ಯಂತ್ರಕ್ಕೆ ಪೂಜೆ ಶುರುಮಾಡಿದಳು. ಕೆಟ್ಟದ್ದು ಶುರುವಾದದ್ದೂ ಆಗಲೇ.

ಯಂತ್ರ ಹಿಂದಿನ ಸಂಜೆ ಸೊಲ್ಲಾಪುರದಿಂದ ಖಜೂರಿಯ ನಮ್ಮ ತಗಡಿನ ಶೆಡ್ಡಿಗೆ ಬಂದಿತ್ತು. ಅದು ನಡೆದರೆ ಅಣ್ಣ ಸೊಲ್ಲಾಪುರದ ಫರ್ನಿಚರ್ ಕಾರ್ಖಾನೆಯ ಕೆಲಸ ಬಿಟ್ಟು ಮನೆಯಲ್ಲೇ ಉಳಿಯುವವನಿದ್ದ. ಜೊತೆಗೆ ಬಂದ ಫಿಟ್ಟರ್ ಮೇಜನ್ನು ಮಟ್ಟ ಮಾಡಿ, ಹಲಗೆ ಒರಗಿಕೊಂಡು ಸಾಗುವ ಗೈಡ್ ಪಟ್ಟಿಯನ್ನು ಬ್ಲೇಡಿಗೆ ಸರಿಯಾಗಿ ಹೊಂದಿಸಿದ್ದ. ಪೂಜೆಗೆ ಜಾಗ ಬೇಕೆಂದು ಅದನ್ನು ಬಿಚ್ಚಿಟ್ಟ. ಅವ್ವ ಕಂಡ ಸಂದಿಗೆಲ್ಲ ಹೂವು, ಎಲೆ, ಅಡಿಕೆ ಸಿಕ್ಕಿಸಿದಳು. ಅವನು ಪಟ್ಟಿಯನ್ನು ಮರಳಿ ಬಿಗಿದ.

“ಜರಾ ನಿಂದರ್ರಿ ಅವ್ವಾರೆ, ಮತ್ತೊಮ್ಮೆ ಅಳೀತೇನಿ.”

“ಅಳ್ಯೂದು ಆಮ್ಯಾಲ. ಹೊತ್ತು ಮೀರಾಕತ್ತೈತಿ.”

ಅಣ್ಣ ಮಾಲೆ ಕಟ್ಟಿದ ಹಲಗೆಯನ್ನು ಬ್ಲೇಡಿಗೆ ಕೊಟ್ಟ. ನಾನು ಅವನ ಹಿಂದೆ ಆರತಿ ತಟ್ಟೆ ಹಿಡಿದು ನಿಂತಿದ್ದೆ.

“ಬಿ.ಎಸ್ಸಿ. ಮಾಡೀದಿ, ಸೆರಗ ಹಾರಾಕತ್ತಿದ್ದು ಕಾಣಂಗಿಲ್ಲೇನ ಬೇ?” ಎಂದು ಅವ್ವ ನನ್ನನ್ನು ಪಕ್ಕಕ್ಕೆ ಎಳೆದಳು.

ಯಂತ್ರ ಒಮ್ಮೆ ಕೆಮ್ಮಿತು. ಹಲಗೆ ಹಿಂದಕ್ಕೆ ಚಿಮ್ಮಿ, ಅಣ್ಣನ ಸೊಂಟ ಸವರಿ, ನಾನು ನಿಂತಿದ್ದ ಜಾಗ ಹಾದು, ತಗಡಿನ ಗೋಡೆ ಸೀಳಿ ಅರ್ಧ ಒಳಗೆ, ಅರ್ಧ ಹೊರಗೆ ನಿಂತಿತು. ಹೊರಗಿದ್ದ ತುದಿಯ ಮಾಲೆಯನ್ನು ನೆರೆಮನೆಯ ಆಡು ತಿನ್ನತೊಡಗಿತು. ಅದನ್ನು ನೋಡಿ ನನಗೆ ನಗು ಬಂತು. ತಟ್ಟೆ ಕೆಳಗಿಟ್ಟರೂ ನಗು ನಿಲ್ಲಲಿಲ್ಲ. ಅಣ್ಣನೂ ಹೊಟ್ಟೆ ಹಿಡಿದು ನಗುತ್ತ ಮರದ ಹೊಟ್ಟಿನ ರಾಶಿಯ ಮೇಲೆ ಕುಳಿತುಬಿಟ್ಟ.

ಫಿಟ್ಟರ್ ಪಟ್ಟಿ ಬಿಚ್ಚಿದ. ಅದರ ಬುಡದಲ್ಲಿ ಅಡಿಕೆಯ ಹೋಳೊಂದು ಸಿಕ್ಕಿಕೊಂಡು, ಪಟ್ಟಿಯ ಹಿಂದಿನ ತುದಿ ಬ್ಲೇಡಿನತ್ತ ವಾಲಿತ್ತು; ನಡುವೆ ಸಿಕ್ಕ ಹಲಗೆಯನ್ನು ಬ್ಲೇಡು ಹಿಂದಕ್ಕೆ ಎಸೆದಿತ್ತು. “ಅವ್ವಾರೆ, ಯಂತ್ರಕ್ಕ ಎಲಿ ಅಡಿಕಿ ತಿನ್ನಸೀರಿ. ಸುಣ್ಣ ಹಚ್ಚಿಲ್ಲಂತ ಉಗುಳೇತಿ.”

ಅವ್ವ ನಗಲಿಲ್ಲ. “ಕಟ್ಟಿ ಕಳಸ್ರಿ ಇದನ್ನ,” ಎಂದಳು. ಅಣ್ಣನ ನಗು ಅಲ್ಲಿಗೇ ನಿಂತಿತು.

ಆಮೇಲಿನ ರಾತ್ರಿಗಳಲ್ಲಿ ಕಣ್ಣು ಮುಚ್ಚಿದರೆ ಹಲಗೆ ಬರುತ್ತಿತ್ತು. ಒಬ್ಬರು ಕಿಸಕ್ಕೆಂದರೆ ಸಾಕು, ಅಣ್ಣ, ನಾನು ಇಬ್ಬರೂ ಹೊದಿಕೆ ಕಚ್ಚಿಕೊಂಡು ನಗುತ್ತಿದ್ದೆವು. ಅವ್ವ ಮಾತ್ರ ಎದ್ದು ಬಂದು ನನ್ನ ಬೆನ್ನು ಸವರಿ ಹೋಗುತ್ತಿದ್ದಳು.

ಕಟ್ಟಿ ಕಳಿಸುವ ಮುಂಚೆ ಇನ್ನೊಮ್ಮೆ ನೋಡೋಣವೆಂದು ಅಣ್ಣ ಅವ್ವನನ್ನು ಬೇಡಿಕೊಂಡದ್ದಕ್ಕೆ ಸೋಮವಾರ ಫಿಟ್ಟರ್ ಮತ್ತೆ ಬಂದ. ಬ್ಲೇಡಿನ ಹಿಂದೆ ನಿಂತು ಸೀಳಿದ ಹಲಗೆ ಕೂಡಿಕೊಳ್ಳದಂತೆ ತಡೆಯುವ ಉಕ್ಕಿನ ಪಟ್ಟಿ ಇನ್ನೂ ಪೆಟ್ಟಿಗೆಯಲ್ಲೇ ಇತ್ತು, ಅದನ್ನೂ ಕೂರಿಸಿದ. ಅಳತೆಯ ಟೇಪಿನ ಇನ್ನೊಂದು ತುದಿಯನ್ನು ಅವ್ವನೇ ಹಿಡಿದಳು. ಬ್ಲೇಡಿನ ಮುಂದಿನ ಹಲ್ಲು, ಹಿಂದಿನ ಹಲ್ಲು, ಎರಡರಿಂದಲೂ ಗೈಡ್ ಪಟ್ಟಿಗೆ ಅಂತರ ಒಂದೇ ಬರುವವರೆಗೂ ಅವನನ್ನು ಬಿಡಲಿಲ್ಲ.

“ಇನ್ನೂ ಒಮ್ಮೆ ನೋಡು.”

“ನೋಡೇನ್ರಿ.”

“ನೀ ನೋಡೀದಿ. ನಾ ನೋಡಿಲ್ಲ.”

ಅಣ್ಣ ಬದಿಗೆ ನಿಂತು ಹಲಗೆಯ ಮೇಲೆ ಹಲಗೆ ಸೀಳಿದ. ಸಂಜೆಯವರೆಗೂ ಒಂದೂ ತಿರುಗಿ ಬರಲಿಲ್ಲ. ಅವ್ವ ಸೀಳಿದ ಅಂಚನ್ನು ಬೆರಳಿನಿಂದ ಸವರಿ, “ಸೊಲ್ಲಾಪುರಕ್ಕ ಫೋನ್ ಮಾಡು, ಇನ್ನ ಕೆಲಸಕ್ಕ ಬರಂಗಿಲ್ಲಂತ ಹೇಳು,” ಎಂದಳು.

ಆ ಸೋಮವಾರ ರಾತ್ರಿ ನನ್ನ ಬೆನ್ನು ಸವರಲು ಯಾರೂ ಬರಲಿಲ್ಲ. ಬಂದಿದ್ದರೂ ನನಗೆ ಎಚ್ಚರವಾಗುತ್ತಿರಲಿಲ್ಲ.