ಮಾವ ಹಾಕಿದ ಬೆಸುಗೆ

ನನ್ನ ಸೋದರಮಾವನನ್ನು ಊರೆಲ್ಲ ‘ಬೆಸುಗೆ ಮಾವ’ ಎಂದೇ ಕರೆಯುತ್ತಿತ್ತು. ಕೊಡ, ಹಂಡೆಗಳ ತೂತು ಮುಚ್ಚುತ್ತಿದ್ದ ಆಸಾಮಿ ವಿಮಾನದ ಇಂಜಿನ್ ಕಾರ್ಖಾನೆ ಸೇರಿದ್ದೇ ಒಂದು ತಮಾಷೆ. ಆಗಿನ ಇಂಜಿನ್ ತಣ್ಣಗಿರಲು ನೀರು ಬೇಕಿತ್ತು. ಪ್ರತಿ ಸಿಲಿಂಡರಿಗೂ ತಾಮ್ರದ ತಗಡಿನ ಅಂಗಿ ತೊಡಿಸಿ, ನಡುವಿನ ಸಂದಿಯಲ್ಲಿ ನೀರು ಹರಿಸುತ್ತಿದ್ದರು. ತಗಡು ದಪ್ಪವಾದರೆ ವಿಮಾನ ಏಳದು, ತೆಳುವಾದರೆ ಬೆಸುಗೆ ನಿಲ್ಲದು. ಆ ಬೆಸುಗೆಯೇ ಮಾವನ ಕೆಲಸ. ಹಾಕಿದ ಮೇಲೆ ಅದರುದ್ದಕ್ಕೂ ಸುಣ್ಣ ಬಳಿದು, ಒಣಗಿಸಿ, ಒಳಗೆ ನೀರು ತುಂಬಿಸುತ್ತಿದ್ದ. ಸುಣ್ಣ ಎಲ್ಲಾದರೂ ಒದ್ದೆಯಾದರೆ ಪೂರಾ ಬಿಚ್ಚಿ ಮತ್ತೆ ಹಾಕುತ್ತಿದ್ದ. ಮೇಸ್ತ್ರಿ ಗೊಣಗಿದರೆ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಹಾಗೆ ತಯಾರಾದ ಹೊಸ ಇಂಜಿನ್ನನ್ನು ಮೊದಲು ಹಾರಿಸಿ ನೋಡಬೇಕಾದವನು ಕಾರ್ಖಾನೆಯ ಪೈಲಟ್ ಆಗಿದ್ದ ನನ್ನ ಅಪ್ಪ. ನಾನಿನ್ನೂ ಹೊಟ್ಟೆಯಲ್ಲಿದ್ದೆ. ಅಮ್ಮ ಸುತರಾಂ ಒಪ್ಪಲಿಲ್ಲ. ಕೊನೆಗೆ ಮಾವನೇ, ತನ್ನ ಬೆಸುಗೆ ಬಿಡುವುದಿಲ್ಲವೆಂದು ತಂಗಿಗೆ ಮಾತು ಕೊಟ್ಟ. ಅವಳು ಗಂಡನನ್ನು ಕಳಿಸಿದ್ದು ಆ ಒಂದು ಮಾತಿನ ಮೇಲೆ.

ವಿಮಾನ ಎದ್ದು ಮೈದಾನ ಸುತ್ತುತ್ತಿದ್ದಂತೆ ಅದರ ಮೂತಿಯಿಂದ ಬಿಳಿ ಹಬೆ ಹೊರಟಿತು. ಬೆಸುಗೆ ಬಿಟ್ಟಿತು, ನೀರು ಖಾಲಿಯಾದರೆ ಇಂಜಿನ್ ಕಾದು ನಿಂತೇಹೋಗುತ್ತದೆ, ತಂಗಿಯ ಬಾಳನ್ನು ಕೈಯಾರೆ ಹಾಳು ಮಾಡಿದೆ ಎಂದುಕೊಂಡ ಮಾವ. ಪಕ್ಕದಲ್ಲೇ ನಿಂತಿದ್ದ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಅವಳು ಮಾತ್ರ ಅಣ್ಣನ ತೋಳು ಬಿಡಲಿಲ್ಲ.

ಅಪ್ಪ ಹೇಗೋ ವಿಮಾನವನ್ನು ಕೆಳಗಿಳಿಸಿದ, ಅದು ಕುಪ್ಪಳಿಸಿ ಕುಪ್ಪಳಿಸಿ ನಿಂತಿತು. ಮಾವ ಎದ್ದೆನೋ ಬಿದ್ದೆನೋ ಎಂದು ಓಡಿ ಇಂಜಿನ್ನಿನ ಮುಚ್ಚಳ ತೆಗೆದ. ಸುಣ್ಣದ ಗೆರೆಗಳೆಲ್ಲ ಹಾಗೇ ಬೆಳ್ಳಗೆ ಒಣಗಿಕೊಂಡಿದ್ದವು. ಒದ್ದೆಯಾಗಿದ್ದದ್ದು ಸಿಲಿಂಡರುಗಳಿಗೆ ನೀರು ಕೊಡುವ ತೊಟ್ಟಿಯ ಬಾಯಿ ಮಾತ್ರ.

“ನೀರು ಎಷ್ಟು ತುಂಬಿಸಿದ್ರಿ?” ಎಂದು ಅಪ್ಪನನ್ನು ಕೇಳಿದ.

“ಕಂಠಪೂರ್ತಿ, ಭಾವ. ಕಡಿಮೆ ಬೀಳ್ಬಾರ್ದಲ್ಲ ಅಂತ ಕೊನೇಲಿ ನಾನೇ ಇನ್ನೊಂದಿಷ್ಟು ಹುಯ್ದೆ.”

ಬಿಸಿಯಾದ ನೀರಿಗೆ ಹಿಗ್ಗಲು ಜಾಗವಿಲ್ಲದೆ ಉಕ್ಕಿ ಚೆಲ್ಲಿತ್ತು, ಅಷ್ಟೇ. ಮಾವ ಹುಲ್ಲಿನ ಮೇಲೆ ಕುಸಿದು ಕೂತು ಗಳಗಳನೆ ಅತ್ತ, ಅಳುತ್ತಲೇ ನಕ್ಕ. ಅಮ್ಮನಿಗೆ ಹೋದ ಜೀವ ಬಂದಂತಾಯಿತು. ಜೀವ ಬಂದ ಕೂಡಲೇ ಬಾಯೂ ಬಂತು.

“ಮನೇಲಿ ಹಾಲಿಗಿಟ್ರೂ ಇವ್ರದ್ದು ಇದೇ ಕಥೆ ಕಣಣ್ಣ. ಪಾತ್ರೆ ತುಂಬಾ ಇಟ್ಟು, ಉಕ್ಕಿದ ಮೇಲೆ ಒಲೇನ ಬೈತಾರೆ.”

ಮುಂದಿನ ಸಲ ತೊಟ್ಟಿಗೆ ನೀರು ತುಂಬಿಸಿದವಳು ಅಮ್ಮನೇ, ನಾಲ್ಕು ಬೆರಳು ಜಾಗ ಬಿಟ್ಟು. ಅಣ್ಣನಿಂದ ಅವಳು ಮತ್ತೆ ಯಾವ ಮಾತೂ ತೆಗೆದುಕೊಳ್ಳಲಿಲ್ಲ. ಬೇಕಾಗಲಿಲ್ಲ.