ಪೆಟ್ಟಿಗೆ ಇಲ್ಲದ ಮಂಗಳವಾರ

ರಾಮಮೂರ್ತಿ ನಗರದ ಬೈಲಪ್ಪನಿಗೆ ಟೆಂಡರ್ ಎಂದರೆ ಬೀಗ ಹಾಕಿದ ಪೆಟ್ಟಿಗೆ. ಸರ್ಕಾರಿ ಆಸ್ಪತ್ರೆಗೆ ಬೆಡ್‌ಶೀಟು ಒದಗಿಸುವ ಗುತ್ತಿಗೆ ವರ್ಷಾನುಗಟ್ಟಲೆ ಅವನ ಕೈ ತಪ್ಪಿರಲಿಲ್ಲ. ಗುಟ್ಟೇನೂ ದೊಡ್ಡದಲ್ಲ. ಕೊನೆಯ ದಿನ ಅವನೂ ಗೆಳೆಯರೂ ಟೀ ಲೋಟ ಹಿಡಿದು ಪೆಟ್ಟಿಗೆಯ ಸುತ್ತ ನಿಂತುಬಿಡುವರು. ಹೊಸಬರು ಬಂದರೆ, 'ಇಲ್ಲೆಲ್ಲ ನಮ್ದೇ ಸರದಿ ಗುರು, ಸುಮ್ನೆ ಹೋಗು' ಎಂದು ಸಾಗಹಾಕುವರು. ಉಳಿದವರ ದರದ ಲಕೋಟೆಗಳೆಲ್ಲ ಬಿದ್ದ ಮೇಲೆ, ರಾಹುಕಾಲ ಕಳೆದ ಮೇಲೆ, ಬೈಲಪ್ಪನ ಲಕೋಟೆ ಒಳಗೆ ಹೋಗುವುದು. ಮೊದಲೇ ಹಾಕಿದರೆ ದರ ಸೋರಿಹೋದೀತೆಂಬ ಭಯ. ಗುಮಾಸ್ತರು ಎರಡು ನಿಮಿಷ ತಡವಾದರೂ ಅವನಿಗಾಗಿ ಕಾಯುತ್ತಿದ್ದರು.

ಆ ಬೆಡ್‌ಶೀಟುಗಳನ್ನು ಹೊಲಿದುಕೊಡುತ್ತಿದ್ದವಳು ಶಿವಾಜಿನಗರದ ಉಮ್ಮೆ ಕುಲ್ಸುಂ. ಒಮ್ಮೆ ತಾನೇ ಲಕೋಟೆ ಹಿಡಿದು ಬಂದಿದ್ದಳು. ಅವಳನ್ನೂ ಬೈಲಪ್ಪ ಕಚೇರಿಯ ಮೆಟ್ಟಿಲಿಂದಲೇ ತಿರುಗಿಸಿ ಕಳಿಸಿದ್ದ.

೨೦೦೮ರಲ್ಲಿ ಪೆಟ್ಟಿಗೆ ಹೋಯಿತು, ಕಂಪ್ಯೂಟರಿನಲ್ಲೇ ದರ ಹಾಕುವುದು ಬಂತು. ಗಡುವು ಮಂಗಳವಾರ ನಾಲ್ಕೂವರೆ. ಹಾಳು ರಾಹುಕಾಲ ಮುಗಿಯುವುದೂ ಆಗಲೇ. ಈ ಗುತ್ತಿಗೆ ತಪ್ಪಿದರೆ ಮಾಲು ಸಾಗಿಸುವ ಟೆಂಪೊ ಮಾರಿ ಮನೆ ನಡೆಸಬೇಕು. ಬೆಳಗಿನಿಂದ ಬೈಲಪ್ಪನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು.

'ರೀ, ಈಗ್ಲೇ ಹಾಕ್ಬಿಡಿ. ಅದ್ರೊಳಗೆ ಯಾರೂ ಇಣುಕಕ್ಕಾಗಲ್ವಂತೆ' ಎಂದಳು ಹೆಂಡತಿ ಆಂಜನಮ್ಮ.

'ನಿಂಗೇನ್ ಗೊತ್ತು, ಸುಮ್ನಿರು.'

ಸೈಬರ್ ಸೆಂಟರಿನಲ್ಲಿ ದರ ತುಂಬಿ, ಮೌಸಿನ ಮೇಲೆ ಕೈಯಿಟ್ಟು, ಗೋಡೆಯ ಗಡಿಯಾರ ನೋಡುತ್ತಾ ಕೂತ. ಯಾರು ಹಾಕಿದರು, ಯಾರು ಬಿಟ್ಟರು, ಒಂದೂ ತಿಳಿಯದು. ಮುಳ್ಳು ನಾಲ್ಕೂವರೆ ದಾಟಿತು. 'ಹೋದ ರಾಹು' ಎಂದು ಒತ್ತಿದ. ಗಡುವು ಮುಗಿದಿದೆ ಎಂದಿತು ಪರದೆ. ಮತ್ತೆ ಒತ್ತಿದ, ಮತ್ತೆ ಅದೇ ಮಾತು. ಟೆಂಪೊ ಓಡಿಸಿಕೊಂಡು ಕಚೇರಿಗೆ ಹೋದರೆ ಗುಮಾಸ್ತರು ಬರಿಗೈ ತೋರಿಸಿದರು.

'ಪೆಟ್ಟಿಗೆ ಆಗಿದ್ರೆ ಕಾಯ್ತಿದ್ದೆ ಬೈಲಪ್ಪ. ಇದು ನನ್ನ ಮಾತು ಕೇಳಲ್ಲ.'

ದರಗಳನ್ನು ತೆರೆದಾಗ ಗುತ್ತಿಗೆ ಉಮ್ಮೆ ಕುಲ್ಸುಂಗೆ ಆಗಿತ್ತು. ಅವಳು ಸೋಮವಾರವೇ ಹಾಕಿ ನೆಮ್ಮದಿಯಾಗಿ ಮಲಗಿದ್ದಳಂತೆ. ಬೈಲಪ್ಪನಿಗೆ ಹೊಟ್ಟೆ ಉರಿಯಿತು. ಟೆಂಪೊ ಕೊಳ್ಳುವವರು ಸಿಗುತ್ತಾರೆಯೇ ಎಂದು ಕೆ.ಆರ್. ಪುರಂನಲ್ಲೆಲ್ಲ ಅಲೆದ. ಅಂಥ ಒಂದು ಬೆಳಗ್ಗೆ ಅವಳೇ ಮನೆಗೆ ಬಂದಳು, ಮೆಟ್ಟಿಲ ಕೆಳಗೇ ನಿಂತಳು.

'ಅಣ್ಣಾ, ಆಸ್ಪತ್ರೆಗೆ ಮಾಲು ಸಾಗ್ಸೋಕೆ ನಿಮ್ಮ ಟೆಂಪೊ ಬೇಕಿತ್ತು. ತಿಂಗಳ ಬಾಡಿಗೆ ಕೊಡ್ತೀನಿ. ಒಳಗೆ ಬರ್ಲಾ?'

ತಾನು ಬಾಗಿಲಿಗೆ ಅಡ್ಡಲಾಗಿ ನಿಂತಿರುವುದು ಬೈಲಪ್ಪನಿಗೆ ಆಗಲೇ ಗೊತ್ತಾದದ್ದು. ನಾಚಿಕೆಯಿಂದ ಪಕ್ಕಕ್ಕೆ ಸರಿದ.