ನಿದ್ದೆ ಹಾಡಿನ ಖಾಲಿ ಜಾಗ

ಶಾಲೆಯ ಗೇಟು ಇನ್ನೂ ಪೂರ್ತಿ ತೆರೆದಿಲ್ಲ. ಕಾವಲುಗಾರ ಅರ್ಧ ಸರಿಸಿ, "ಏನ್ ಮಿಸ್, ಕೋಳಿ ಇನ್ನೂ ಮಗ್ಗುಲು ಬದಲಾಯಿಸ್ತಿರುತ್ತೆ, ನೀವು ಆಗ್ಲೇ ಹಾಜರು" ಎನ್ನುತ್ತಾರೆ. "ಕೋಳಿಗಾದ್ರೆ ಸ್ವಂತ ಗೂಡಿದೆ, ನನಗೆಲ್ಲಿದೆ?" ಎಂದು ನಗುತ್ತಾ ಹಾಡಿನ ಮಿಸ್ ಒಳಗೆ ನಡೆಯುತ್ತಾರೆ. ಕಂಕುಳಲ್ಲಿ ಹಳೆಯ ಬಟ್ಟೆ ಸುತ್ತಿದ ಶ್ರುತಿ ಪೆಟ್ಟಿಗೆ. ಕಾರಿಡಾರಿನ ತುದಿಯ ಕೋಣೆಯ ಬೀಗ ತೆಗೆದರೆ ಕಾಲು ಮುರಿದ ಬೆಂಚು, ಗಾಳಿ ಹೋದ ಚೆಂಡು, ಹರಿದ ಭೂಪಟ. ಶಾಲೆಯಲ್ಲಿ ಯಾವುದಕ್ಕೆ ಬೇರೆಲ್ಲೂ ಜಾಗವಿಲ್ಲವೋ ಅದಕ್ಕೆಲ್ಲ ಇಲ್ಲಿ ಜಾಗವಿದೆ. ಸಂಗೀತಕ್ಕೂ ಇಲ್ಲೇ.

ಬೆಂಚುಗಳನ್ನು ಗೋಡೆಗೆ ಒತ್ತರಿಸಿ, ನೆಲ ಗುಡಿಸಿ ಒರೆಸಿ, ಅದು ಒಣಗುವಷ್ಟರಲ್ಲಿ ಕಿಟಕಿಯ ಬಳಿ ಕೂತು ಪೆಟ್ಟಿಗೆ ತೆರೆಯುತ್ತಾರೆ. ತಮ್ಮ ಶ್ರುತಿಯಲ್ಲಿ ಒಮ್ಮೆ ಹಾಡಿಕೊಂಡು, ಆಮೇಲೆ ಅದನ್ನು ಏರಿಸುತ್ತಾ ಹೋಗುತ್ತಾರೆ. ಮೇಲೆ ಹೋದಂತೆ ಅವರ ದನಿ ಕರಕರ ಎನ್ನುತ್ತದೆ, ಒಡೆಯುತ್ತದೆ, ಮತ್ತೆ ಹಿಡಿಯುತ್ತಾರೆ. "ನನ್ನ ಶ್ರುತಿಗೆ ಹಾಡಿ ಅಂದ್ರೆ ಚಿಕ್ಕ ಮಕ್ಕಳು ಗೊಣಗ್ತಾವೆ, ಇಲ್ಲಾ ಕಿರುಚ್ತಾವೆ. ಅವರ ಹತ್ರಕ್ಕೆ ನಾನೇ ಹೋಗ್ಬೇಕು. ದಿನಾ ಬೆಳಿಗ್ಗೆ ಅಷ್ಟು ದೂರ ಹೋಗಿ ಬರ್ತೀನಿ" ಎಂದು ವಿವರಿಸುತ್ತಾರೆ.

ಈ ಹಾಡಿನ ಮಿಸ್ ಯಾವ ದೊಡ್ಡ ಗುರುಗಳ ಶಿಷ್ಯೆಯೂ ಅಲ್ಲ. ಅಪ್ಪ ರೇಡಿಯೊ ರಿಪೇರಿ ಮಾಡುತ್ತಿದ್ದರು. ಅಂಗಡಿಯ ಮೂಲೆಯಲ್ಲಿ ಕೂತ ಮಗಳಿಗೆ ಅಲ್ಲೇ ಪಾಠ. ರಿಪೇರಿಯಾದದ್ದು ಖಚಿತವಾದ ಕೂಡಲೇ ಅಪ್ಪ ಹಾಡನ್ನು ಅರ್ಧಕ್ಕೇ ನಿಲ್ಲಿಸಿಬಿಡುತ್ತಿದ್ದರಂತೆ. "ಉಳಿದರ್ಧ ನಾನೇ ಹಾಡ್ಕೋಬೇಕಿತ್ತು. ಎಷ್ಟೋ ಹಾಡುಗಳ ಕೊನೆ ಏನು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ, ನಾನು ಕಟ್ಟಿದ್ದೇ ಗೊತ್ತು." ಮುಂದೆ ಸಂಗೀತದ ಪರೀಕ್ಷೆಗಳನ್ನೂ ಕಟ್ಟಿದರು, ಪಾಸೂ ಆದರು. ಶಾಲೆಗೆ ಸೇರಿದ ಹೊಸತರಲ್ಲಿ ಗಂಟಲಲ್ಲಿ ಗಂಟಾಯಿತು. ಡಾಕ್ಟರು ಹಲವು ವಾರ ಬಾಯಿ ಮುಚ್ಚಿಕೊಂಡಿರಲು ಹೇಳಿದರು. "ಆಗ ನಮ್ಮತ್ತೆಯಷ್ಟು ಸುಖವಾಗಿ ಯಾರೂ ಇರ್ಲಿಲ್ಲ" ಎಂದು ಅವರು ಹೇಳುವಾಗ, ಮನೆಗೆ ಹೋದವರೆದುರು ಅತ್ತೆಯೂ ಬಿಟ್ಟುಕೊಡುವುದಿಲ್ಲ: "ಸುಖ ಎಲ್ಲಿ ಬಂತು? ಮಾತಾಡೋ ಬದಲು ಪಾತ್ರೆ ಕುಕ್ಕೋಳು."

ಆ ಮೌನದ ದಿನಗಳಲ್ಲೇ ಅವರಿಗೆ ತಮ್ಮ ದಾರಿ ಸಿಕ್ಕಿತು. ಪೆಟ್ಟಿಗೆ ನುಡಿಸಿ ಕೈಯಲ್ಲಿ ಏರಿಳಿತ ತೋರಿಸಿದರೆ ಮಕ್ಕಳು ಗುನುಗುತ್ತಿದ್ದರು. ದನಿ ಮರಳಿದ ಮೇಲೂ ಅದನ್ನೇ ಉಳಿಸಿಕೊಂಡರು. ಮೊದಲು ಬರೀ ರಾಗ. ಅದು ನಾಲಿಗೆಗೆ ಹತ್ತಿದ ಮೇಲೆ ದಿನಕ್ಕೊಂದು ಸಾಲು ಮಾತು, ಆ ಸಾಲಿನ ಬಗ್ಗೆ ಒಂದಿಷ್ಟು ಹರಟೆ. "ಅರ್ಥ ಆಗದ ಹಾಡನ್ನ ಗಿಳಿನೂ ಹಾಡುತ್ತೆ. ಈ ಸಾಲು ನಮ್ಮನೇದು ಅಂತ ಮಗುವಿಗೆ ಅನ್ನಿಸ್ಬೇಕು" ಎನ್ನುವುದು ಅವರ ಪಟ್ಟು.

ಆ ಪಟ್ಟೇ ಒಮ್ಮೆ ಅವರನ್ನು ಎಡವಿಸಿತು. ಎರಡನೇ ತರಗತಿಗೆಂದು ಅವರೇ ಒಂದು ನಿದ್ದೆಯ ಹಾಡು ಕಟ್ಟಿದ್ದರು. 'ದೀಪ ಆರಿಸಿ, ಹೊದಿಕೆ ಹೊದಿಸಿ, ಪಕ್ಕ ಕೂತು ಬೆನ್ನು ತಟ್ಟಿ, ಕಣ್ಣಿಗೆ ನಿದ್ದೆ ತಂದೋರ್ಯಾರು?' ಎಂದು ಕೇಳಿ, 'ಅಮ್ಮ, ಅಮ್ಮ, ನಮ್ಮಮ್ಮ' ಎಂದು ಮಕ್ಕಳೇ ಉತ್ತರ ಕೊಡುವ ಹಾಡು. ಎಲ್ಲರೂ ಹಿಗ್ಗಿ ಹಾಡುತ್ತಿದ್ದರು. ಒಬ್ಬ ಹುಡುಗಿ ಮಾತ್ರ ಆ ಸಾಲು ಬಂದಾಗಲೆಲ್ಲ ಕೈ ಎತ್ತಿ, "ಮಿಸ್, ನೀರು ಕುಡ್ಕೊಂಡ್ ಬರ್ತೀನಿ" ಎನ್ನುತ್ತಿದ್ದಳು. ಇದು ತಪ್ಪಿಸಿಕೊಳ್ಳುವ ಉಪಾಯ ಎಂದುಕೊಂಡ ಮಿಸ್ ಒಂದು ದಿನ ಅವಳನ್ನು ಎಬ್ಬಿಸಿ ನಿಲ್ಲಿಸಿ ಆ ಸಾಲನ್ನು ಒಬ್ಬಳಿಂದಲೇ ಹಾಡಿಸಲು ಹೋದರು. ಹುಡುಗಿ ಬಾಯಿ ಬಿಡಲಿಲ್ಲ. ಸಂಜೆ ಅವಳ ತರಗತಿಯ ಶಿಕ್ಷಕಿ ಸಂಗತಿ ಹೇಳಿದರು. ಅಮ್ಮ ತೀರಿಕೊಂಡು ವರ್ಷಗಳಾಗಿವೆ, ಅಪ್ಪನಿಗೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ, ಮನೆಯಲ್ಲಿ ಅಣ್ಣನೊಬ್ಬ, ಪಕ್ಕದ ಮನೆಯವರದೊಂದು ಕಣ್ಣು. "ಆವತ್ತು ನನಗೆ ನನ್ನ ಮೇಲೇ ಹೇಸಿಗೆ ಆಯ್ತು" ಎನ್ನುತ್ತಾರೆ ಮಿಸ್, ಈಗಲೂ ತಲೆ ತಗ್ಗಿಸಿ.

ಹಾಡು ಬಿಡಬಹುದಿತ್ತು. ಅವರು 'ಅಮ್ಮ' ಎಂಬ ಮಾತನ್ನು ಬಿಟ್ಟರು. ಆ ಜಾಗ ಖಾಲಿ. ಅವರವರಿಗೆ ನಿದ್ದೆ ಬರಿಸುವವರನ್ನು ಅವರವರೇ ಅಲ್ಲಿ ಕೂರಿಸಿ ಹಾಡಬೇಕು. ಎಲ್ಲರೂ ಒಟ್ಟಿಗೇ ಹಾಡುವುದರಿಂದ ಯಾರ ಪದ ಯಾವುದೆಂದು ಕೇಳಿಸದು. ಕೇಳಲೂ ಬಾರದು, ಇದು ತರಗತಿಯ ಕಟ್ಟಳೆ. ಮಿಸ್ಸಿಗೂ ಅನ್ವಯ. ಮಕ್ಕಳ ತುಟಿ ನೋಡಿದರೆ ಗೊತ್ತಾಗಿಬಿಡುತ್ತದೆಂದು ಅವರು ಆ ಜಾಗ ಬಂದಾಗ ಕಣ್ಣು ಮುಚ್ಚಿ ಪೆಟ್ಟಿಗೆಯ ಮೇಲೆ ಬಾಗುತ್ತಾರೆ. ಪದ ಯಾವುದಾದರೂ ಸರಿ, ತಾಳ ತಪ್ಪಬಾರದು. ಎರಡಕ್ಷರದವರು ಎಳೆಯಬೇಕು, ಉದ್ದ ಪದದವರು ಓಡಬೇಕು. ತಾಳದ ಪಾಠ ಮಕ್ಕಳಿಗೆ ಇಷ್ಟು ಚೆನ್ನಾಗಿ ಇನ್ನಾವುದರಲ್ಲೂ ಹತ್ತಲಿಲ್ಲವಂತೆ. ಹೊಸ ಹಾಡು ಶುರುವಾಗಿ ಮೂರನೆಯ ದಿನವೋ ನಾಲ್ಕನೆಯ ದಿನವೋ, ಆ ಹುಡುಗಿ ನೀರಿಗೆ ಹೋಗದೆ ಕೂತಳು.

ಸಂಗೀತದ ಪೀರಿಯಡ್ ಶಾಲೆಗಳಲ್ಲಿ ಆಟಕ್ಕುಂಟು ಲೆಕ್ಕಕ್ಕಿಲ್ಲ. ಈ ವರ್ಷ ಅದನ್ನು ತೆಗೆದು ಗಣಿತಕ್ಕೆ ಕೊಡುವ ಮಾತು ಎದ್ದಿತು. ವಾರ್ಷಿಕೋತ್ಸವದಲ್ಲಿ ಮಕ್ಕಳ ಹಾಡು ಕೇಳಿ ಆಡಳಿತ ಮಂಡಳಿಯವರು ತೀರ್ಮಾನಿಸುವುದೆಂದಾಯಿತು. ರಿಹರ್ಸಲ್ ನೋಡಲು ಬಂದ ಹೆಡ್‌ಮೇಡಂ ಖಾಲಿ ಜಾಗ ಕೇಳಿ ಹಣೆ ಗಂಟಿಕ್ಕಿದರು. "ಎಲ್ಲಾ ಚೆನ್ನಾಗಿದೆ, ಅದೊಂದು ಕಡೆ ಸಂತೆ ಆಗ್ತಿದೆಯಲ್ಲ. ಬಂದವರು ತಪ್ಪು ಅಂದ್ಕೋತಾರೆ. ಎಲ್ಲರೂ 'ಅಮ್ಮ' ಅನ್ನಲಿ, ಮುಗೀತು." ಹೆಡ್‌ಮೇಡಂ ಕೆಟ್ಟವರಲ್ಲ, ಪೀರಿಯಡ್ ಉಳಿಯಲಿ ಎಂಬ ಆಸೆ ಅವರಿಗೂ ಇತ್ತು. ಮಿಸ್ ತಲೆಯಾಡಿಸಿದರು. ಮರುದಿನ 'ಅಮ್ಮ' ಹೇಳಿಕೊಟ್ಟರು. ಹಾಡು ಒಂದೇ ದನಿಯಲ್ಲಿ ಹೊಮ್ಮಿತು. ಹುಡುಗಿ ಕೈ ಎತ್ತಿ ನೀರು ಕೇಳಿದಳು.

ಮಿಸ್ ಅಂದೇ ಹೆಡ್‌ಮೇಡಂ ಕೋಣೆಗೆ ಹೋದರು. "ಮೇಡಂ, ಅದೊಂದು ಜಾಗ ಹಾಗೇ ಇರ್ಲಿ. ತಪ್ಪು ಅಂತ ಬಂದ್ರೆ ನನ್ನ ತಲೆ ಮೇಲೆ ಹಾಕಿ."

"ನಿಮ್ಮ ತಲೆ ಇರ್ಲಿ, ಪೀರಿಯಡ್ಡೇ ಹೋಗುತ್ತಲ್ರೀ."

"ಹೋದ್ರೆ ಹೋಗ್ಲಿ ಮೇಡಂ. ಆ ಮಗು ನನ್ನ ಕ್ಲಾಸಿಂದ ಇನ್ನೊಂದು ಸಲ ಎದ್ದು ಹೋಗೋದು ಬೇಡ."

ಹೆಡ್‌ಮೇಡಂ ಕೊನೆಗೆ, "ಆಯ್ತು, ನಿಮ್ಮಿಷ್ಟ. ಆಮೇಲೆ ನನ್ನ ಕೇಳ್ಬೇಡಿ" ಎಂದರಂತೆ.

ವಾರ್ಷಿಕೋತ್ಸವದ ದಿನ ಮೊದಲ ಸಲ ಆ ಜಾಗ ಬಂದಾಗ ಸಭೆ ಗೊಳ್ಳೆಂದು ನಕ್ಕಿತು. ಮಕ್ಕಳು ಕದಲಲಿಲ್ಲ. ಎರಡನೆಯ ಸಲಕ್ಕೆ ತಾಯಿತಂದೆಯರಿಗೆ ಏನೋ ಹೊಳೆಯಿತು, ಒಬ್ಬೊಬ್ಬರೂ ಕುರ್ಚಿಯ ತುದಿಗೆ ಸರಿದು ತಮ್ಮ ಮಗುವಿನ ಬಾಯಿಯನ್ನೇ ನೋಡತೊಡಗಿದರು. ಮೂರನೆಯ ಸಲ ಕೆಮ್ಮಿದವರೂ ಇಲ್ಲ. ಆದರೆ ಮಂಡಳಿಯ ಹಿರಿಯರೊಬ್ಬರು ವೇದಿಕೆಯಿಂದ ಇಳಿಯುವಾಗ, "ಇನ್ನೂ ಸ್ವಲ್ಪ ಪ್ರಾಕ್ಟೀಸ್ ಬೇಕಿತ್ತು" ಎಂದು ಹೇಳಿಯೇ ಹೋದರು. ವಾರಕ್ಕೆ ಎರಡಿದ್ದ ಪೀರಿಯಡ್ ಈಗ ಒಂದಾಗಿದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಇಂಥವರ ಕೆಲಸವನ್ನು ಅಳೆಯುವ ಕೋಲು ನಮ್ಮ ಬಳಿ ಇಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತದೆ. ಮಿಸ್ಸಿಗೆ ಹಾಗೇನೂ ಇಲ್ಲ. "ಒಂದಾದ್ರೂ ಇದೆಯಲ್ಲ, ಬೇಗ ಬೇಗ ಹಾಡಿದ್ರಾಯ್ತು" ಎನ್ನುತ್ತಾರೆ.

ಅಂದು ಎಲ್ಲ ಮುಗಿದು ಪೆಟ್ಟಿಗೆಗೆ ಬಟ್ಟೆ ಸುತ್ತುತ್ತಿದ್ದಾಗ ಒಬ್ಬರು ಬಂದು ನಿಂತರು. ಕಾರ್ಖಾನೆಯ ಸಮವಸ್ತ್ರ, ಪಾಳಿಗೆ ಹೊತ್ತಾಗುತ್ತಿದ್ದ ಅವಸರ. ಆ ಹುಡುಗಿಯ ಅಪ್ಪ. "ಮಿಸ್, ನನ್ನ ಮಗಳು ಅಲ್ಲಿ ಯಾರ ಹೆಸರು ಹೇಳ್ತಾಳೆ?"

"ನನಗೂ ಗೊತ್ತಿಲ್ಲಣ್ಣ. ನಾನು ಕೇಳಲ್ಲ. ಅವಳ ದನಿ ಗೊತ್ತಾಗುತ್ತೆ, ಪದ ಗೊತ್ತಾಗಲ್ಲ."

ಅವರು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ನಿಂತರು. "ನಂದು ಇರಲ್ಲ ಬಿಡಿ. ಮಲಗೋ ಹೊತ್ತಿಗೆ ನಾನು ಮನೇಲೇ ಇರಲ್ಲವಲ್ಲ. ಯಾರದಾದ್ರೂ ಇದೆಯಾ, ಅಷ್ಟು ಹೇಳಿ ಸಾಕು."

"ಇದೆ ಅಣ್ಣ. ಬಾಯ್ತುಂಬ ಹಾಡ್ತಾಳೆ."

ಅವರು ಕಣ್ಣೊರೆಸಿಕೊಂಡು, ಕೈಮುಗಿದು, ಓಡುವಂತೆ ಪಾಳಿಗೆ ಹೊರಟುಹೋದರಂತೆ. ಇದನ್ನು ಹೇಳಿ ಮುಗಿಸಿದ ಹಾಡಿನ ಮಿಸ್ ಪೆಟ್ಟಿಗೆಗೆ ಬಟ್ಟೆ ಸುತ್ತಿಡುತ್ತಾರೆ. ಆಮೇಲೆ, ಎಂದೂ ತಮ್ಮನ್ನು ಹೊಗಳಿಕೊಳ್ಳದ ಅವರು, ಹೊಗಳಿಕೆಗೆ ಹತ್ತಿರದ್ದೊಂದು ಮಾತು ಆಡುತ್ತಾರೆ: "ಆ ಹಾಡಲ್ಲಿ ಚೆನ್ನಾಗಿರೋದು ಅದೊಂದೇ ಪದ. ಅದನ್ನ ಬರೆದೋಳು ನಾನಲ್ಲ."